ಮುಕ್ಕಳಿಸಣ್ಣ ಉಗುಳಿದ್ದು

ಹಲ್ಲಿನ ಡಾಕ್ಟರ ಬಲಗೈಯಾಗಿ ಅವನು ಅರ್ಧ ಆಯುಸ್ಸು ಕಳೆದಿದ್ದ. ರೋಗಿಯ ಕೊರಳಿಗೆ ಬಟ್ಟೆ ಕಟ್ಟುವುದು, ಬಾಯಿಯೊಳಕ್ಕೆ ದೀಪ ತಿರುಗಿಸುವುದು, ಲೋಟಕ್ಕೆ ನೀರು ತುಂಬಿಸಿ ಕೈಗೆ ಕೊಟ್ಟು "ಮುಕ್ಕಳಿಸಿ... ಉಗುಳಿ" ಎನ್ನುವುದು ಅವನ ಕೆಲಸ. ಆ ಎರಡು ಮಾತನ್ನು ಅವನು ಎಷ್ಟು ಮೃದುವಾಗಿ ಹೇಳುತ್ತಿದ್ದನೆಂದರೆ, ಬೀದಿಯಲ್ಲಿ ಅವನು ಎದುರಾದರೂ ಕೆಲವರು ಚರಂಡಿ ಹುಡುಕುತ್ತಿದ್ದರು. ಊರು ಅವನಿಗೆ ಮುಕ್ಕಳಿಸಣ್ಣ ಎಂದು ಹೆಸರಿಟ್ಟಿತ್ತು.

ಆದರೆ ಮುಕ್ಕಳಿಸಣ್ಣನಿಗೆ ಉಗುಳಲು ಬರುತ್ತಿರಲಿಲ್ಲ.

ಇದು ಅಮ್ಮ ಕಲಿಸಿದ ಪಾಠ. ಚಿಕ್ಕಂದಿನಲ್ಲಿ ಒಮ್ಮೆ ಅವನು ಕಹಿ ಔಷಧಿಯನ್ನು ಗೋಡೆಗೆ ಉಗುಳಿದಾಗ ಆಕೆ ಬೆನ್ನಿಗೊಂದು ಬಿಟ್ಟು, "ಬಾಯಿಗೆ ಹೋದದ್ದನ್ನ ವಾಪಸ್ ಕಳಿಸೋ ಮನೆತನ ಅಲ್ಲ ಕಣೋ ನಮ್ಮದು" ಎಂದಿದ್ದಳು. ಅಂದಿನಿಂದ ಅವನು ನುಂಗುತ್ತಲೇ ಬಂದ. ಹಣ್ಣಿನ ಬೀಜ ನುಂಗಿದ, ಅಂಗಿಯ ಗುಂಡಿ ನುಂಗಿದ, ಅಲುಗಾಡಿ ಕಳಚಿದ ಮೊದಲ ಹಾಲುಹಲ್ಲನ್ನೂ ನುಂಗಿದ. ಈಗಲೂ ಹಲ್ಲುಜ್ಜಿದ ಮೇಲೆ ಬಚ್ಚಲಿನ ಬಾಗಿಲು ಹಾಕಿ, ನಲ್ಲಿ ಜೋರಾಗಿ ಬಿಟ್ಟು, ಬಗ್ಗಿ, ಬಾಯಿ ತೆರೆದು ನಿಲ್ಲುತ್ತಿದ್ದ. ನೊರೆ ತನ್ನ ಪಾಡಿಗೆ ತಾನು ಇಳಿಯಬೇಕು. "ಒಳಗೇ ನಿದ್ದೆ ಹೋದ್ರೇನ್ರೀ?" ಎಂದು ಹೆಂಡತಿ ಬಾಗಿಲು ಬಡಿಯುವುದು ದಿನನಿತ್ಯದ ಕತೆ.

ಹೆಂಡತಿ ಮನೆಯಲ್ಲೇ ಕೂತು ಕಿಟಕಿಯ ಪರದೆ ಹೊಲಿಯುವವಳು. ಆದರೆ ಊರಿನಲ್ಲಿ ಅವಳಿಗಿದ್ದ ಮರ್ಯಾದೆ ಸೂಜಿಯದಲ್ಲ, ಮೂಗಿನದು. ಸುತ್ತಲ ಗುಡ್ಡಗಳಲ್ಲಿ ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿ ಬೆಳೆಯುತ್ತಿತ್ತು. ಅದರ ವೈನು ಬಾಟಲಿಗೆ ಇಳಿಯುವ ಮುಂಚೆ ಬೆಳೆಗಾರರ ಸಂಘದ ನೆಲಮಾಳಿಗೆಯಲ್ಲಿ, ಒಂದು ದುಂಡು ಮೇಜಿನ ಸುತ್ತ ಕೂತವರು ರುಚಿ ನೋಡಿ ತೀರ್ಪು ಕೊಡಬೇಕು. ಅಲ್ಲೊಂದು ಕುರ್ಚಿ ಅವಳದಾಗಿತ್ತು. ಕಳೆದ ಚಳಿಗಾಲ ಅವಳಿಗೊಂದು ಜ್ವರ ಬಂತು. ಹೋಗುವಾಗ ವಾಸನೆ, ರುಚಿ ಎರಡನ್ನೂ ಕಟ್ಟಿಕೊಂಡು ಹೋಯಿತು. ಕಾಫಿ ಬಿಸಿನೀರಾಯಿತು. ಸೋಪು ಕಲ್ಲಾಯಿತು. "ಬಂದರೂ ಬರಬಹುದು, ಬಾರದೆಯೂ ಇರಬಹುದು" ಎಂದರು ವೈದ್ಯರು.

ಸಂಘದ ಕಟ್ಟಳೆಯ ಪ್ರಕಾರ ಸದಸ್ಯರು ಕಾಯಿಲೆ ಬಿದ್ದರೆ ಅದೇ ಮನೆಯವರೊಬ್ಬರು ಪರೀಕ್ಷೆಗೆ ಕೂತು ಗೆದ್ದು ಕುರ್ಚಿ ಕಾಯಬಹುದು. ಇಲ್ಲವಾದರೆ ಕುರ್ಚಿ ಬೇರೆಯವರಿಗೆ. ಆ ಬೇರೆಯವರು ಯಾರೆಂದು ಎಲ್ಲರಿಗೂ ಗೊತ್ತಿತ್ತು: ಅಧ್ಯಕ್ಷರ ಅಳಿಯ.

"ಹೋದ್ರೆ ಹೋಗ್ಲಿ ಬಿಡೇ. ಮರದ ಕುರ್ಚಿ ತಾನೆ," ಎಂದ ಮುಕ್ಕಳಿಸಣ್ಣ.

"ಕುರ್ಚಿ ಹೋದ್ರೆ ನನ್ನ ಮೂಗು ಎಲ್ಲಿಗೆ ಅಂತ ವಾಪಸ್ ಬರುತ್ತೆ ರೀ?" ಎಂದಳು ಅವಳು, ದಾರ ಕಚ್ಚುತ್ತ.

ಆ ಮಾತನ್ನೂ ಅವನು ನುಂಗಿದ. ಅದೊಂದು ಮಾತ್ರ ಕೆಳಗಿಳಿಯಲಿಲ್ಲ. ಮರುದಿನ ಸಂಘಕ್ಕೆ ಹೋಗಿ, ಪರೀಕ್ಷೆಗೆ ತಾನು ಕೂರುತ್ತೇನೆಂದು ಹೇಳಿಬಂದ.

ಅಡುಗೆಮನೆಯೇ ಪಾಠಶಾಲೆಯಾಯಿತು. ಅವಳು ನೆನಪಿನಿಂದ ಹೇಳುತ್ತಿದ್ದಳು, ಅವನು ನಾಲಿಗೆಯಿಂದ ಹುಡುಕುತ್ತಿದ್ದ. "ಮೊದಲು ನಿಂಬೆ ಸಿಪ್ಪೆ ಬರುತ್ತೆ. ಅದರ ಹಿಂದೆ ಹಸಿರು ಸೇಬು. ಹುಳಿ ಹಲ್ಲಿಗೆ ತಾಗೋ ಹೊತ್ತಿಗೆ ಸರಿಯಾಗಿ ಸಿಹಿ ಬಂದು ಅದರ ಕೈ ಹಿಡ್ಕೋಬೇಕು. ಹಿಡ್ಕೊಂಡ್ರೆ ಒಳ್ಳೇ ರೀಸ್ಲಿಂಗ್. ಎಳೆದಾಡಿದ್ರೆ ಅಲ್ಲ. ಈಗ ಹೇಳಿ, ಇದು ಹೇಗಿದೆ?"

ಅವನು ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿ, "ಇದು ಮೊದಲ ಸಲ ಬಂದ ರೋಗಿ ಕಣೇ. ಬಾಯಿ ತೆರೀತಾನೆ, ಪೂರ್ತಿ ತೆರೆಯಲ್ಲ," ಎಂದ.

ಜ್ವರ ಬಿಟ್ಟ ಮೇಲೆ ಅವಳು ನಕ್ಕದ್ದು ಅದೇ ಮೊದಲು. "ಸರಿಯಾಗೇ ಇದೆ. ಇನ್ನೂ ಎಳೇದು, ಬಾಟಲಲ್ಲಿ ಮಲಗಿಸಿಡಿ ಅಂತ ಅದರರ್ಥ. ಅಲ್ಲ, ಆ ವೈನೆಲ್ಲಿ?"

"ನುಂಗಿದೆ."

ತೊಡಕಿದ್ದದ್ದು ಅಲ್ಲೇ. ನುಂಗಿದವನ ಮಾತು ಅವನ ಮಾತಲ್ಲ, ವೈನಿನ ಮಾತು ಎಂಬುದು ಸಂಘದ ನಂಬಿಕೆ. ರುಚಿ ನೋಡಿದ ಮೇಲೆ ಎಲ್ಲರೆದುರು ಉಗುಳಲೇಬೇಕು. ಹೆಂಡತಿ ಅಂಗಳದಲ್ಲಿ ಬಕೆಟ್ಟಿಟ್ಟು ಬರೀ ನೀರಿನಲ್ಲಿ ಅಭ್ಯಾಸ ಮಾಡಿಸಿದಳು. ಅವನು ಬಕೆಟ್ಟನ್ನು ನೋಡಿದ, ಬಕೆಟ್ಟು ಅವನನ್ನು ನೋಡಿತು, ನೀರು ಹೊಟ್ಟೆಗಿಳಿಯಿತು. ಸಂಜೆಯ ಹೊತ್ತಿಗೆ ಅವನು ನಡೆದರೆ ಕೊಡ ತುಳುಕಿದಂತೆ ಸದ್ದಾಗುತ್ತಿತ್ತು. ಕೊನೆಗೆ ಹಲ್ಲಿನ ಡಾಕ್ಟರೇ ಅವನನ್ನು ರೋಗಿಯ ಕುರ್ಚಿಯಲ್ಲಿ ಮಲಗಿಸಿ, ಕೊರಳಿಗೆ ಬಟ್ಟೆ ಕಟ್ಟಿ, ಅವನದೇ ರಾಗದಲ್ಲಿ "ಮುಕ್ಕಳಿಸಿ... ಉಗುಳಿ" ಎಂದರು. ಅವನು ಔಷಧಿ ಹಾಕಿದ ಆ ಗುಲಾಬಿ ಬಣ್ಣದ ನೀರನ್ನು ಗಟಗಟ ಕುಡಿದು "ಕ್ಷಮಿಸಿ ಸಾರ್" ಎಂದ.

"ನನಗೆ ಬಾಯಿದೆ, ರುಚಿಯಿಲ್ಲ. ನಿಮಗೆ ರುಚಿಯಿದೆ, ಬಾಯಿಲ್ಲ. ಎಂಥ ಜೋಡಿ ಹುಡುಕಿದ್ರೋ ದೊಡ್ಡೋರು," ಎಂದಳು ಹೆಂಡತಿ.

ಇಷ್ಟೂ ದಿನ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದ ಅಮ್ಮ ಅಂದು ಬಾಯಿಬಿಟ್ಟಳು. "ಬೇಡ ಅನ್ನೋದನ್ನ ಬಾಯಿಗ್ಯಾಕೆ ಹಾಕ್ಕೋಬೇಕು? ಬೇಕು ಅನ್ನೋದನ್ನ ಯಾಕೆ ಉಗುಳಬೇಕು? ನಾನೂ ಬರ್ತೀನಿ ನಿಮ್ಮ ಸಂಘಕ್ಕೆ. ನನ್ನ ಮಗನ ಕೈಲಿ ಉಗುಳಿಸೋ ಗಂಡಸು ಯಾರು ಅಂತ ನೋಡೇಬಿಡ್ತೀನಿ."

ಪರೀಕ್ಷೆಯ ದಿನ ಹೆಂಡತಿ ಮನೆಯಲ್ಲೇ ಉಳಿದಳು. ವಾಸನೆಯಿಲ್ಲದೆ ಆ ನೆಲಮಾಳಿಗೆಯ ಮೆಟ್ಟಿಲಿಳಿಯುವುದು, ಗುರುತು ಸಿಗದ ನೆಂಟರ ಮನೆಗೆ ಹೋದಂತೆ ಎಂದಳು. ಅಮ್ಮ, ಮಗ ಇಬ್ಬರೇ ಹೋದರು.

ಮೊದಲು ಅಳಿಯನ ಸರದಿ. ಅವನು ವಿಮೆ ಮಾರುವವನು, ಬಾಯಿಯ ಮೇಲೆ ಹಿಡಿತವಿದ್ದವನು. ಒಂದು ಗುಟುಕು ಹೀರಿ, ಕೆನ್ನೆಯಿಂದ ಕೆನ್ನೆಗೆ ತಿರುಗಿಸಿ, ಕೂತಲ್ಲಿಂದಲೇ ಉಗುಳಿದ. ತೆಳ್ಳಗೆ, ಬೆಳ್ಳಿಯ ತಂತಿಯಂತೆ ಬಾಗಿದ ಆ ಧಾರೆ ಮೇಜನ್ನು ದಾಟಿ, ಹಿತ್ತಾಳೆಯ ಬಕೆಟ್ಟಿನ ಅಂಚನ್ನೂ ಸೋಕದೆ ನಡುಮಧ್ಯಕ್ಕೆ ಬಿತ್ತು. ಸದಸ್ಯರು ತಲೆದೂಗಿದರು.

"ವೈನು ಹೇಗಿತ್ತು?"

"ಚೆನ್ನಾಗಿತ್ತು."

"ನೋಡಿ, ಎಷ್ಟು ಚುಟುಕಾಗಿ ಹೇಳಿದ," ಎಂದರು ಅಧ್ಯಕ್ಷರು, ಮಾವನ ಅಭಿಮಾನದಿಂದ.

ಮುಕ್ಕಳಿಸಣ್ಣನ ಮುಂದೆ ಲೋಟ ಬಂತು. ಹಳೆಯ ರೀಸ್ಲಿಂಗ್, ಒಣಹುಲ್ಲಿನ ಹೊನ್ನಬಣ್ಣ. ಮೂಗು ಹತ್ತಿರ ತಂದರೆ ಸೀಮೆಎಣ್ಣೆಯ ವಾಸನೆ. ಹೆದರಬೇಡಿ, ಅದು ದೋಷವಲ್ಲ, ವಯಸ್ಸು ಎಂದು ಹೆಂಡತಿ ಹೇಳಿಕೊಟ್ಟಿದ್ದಳು. ಅವನು ಬಾಯಿ ತುಂಬ ತೆಗೆದುಕೊಂಡ. ಜೇನು ಬಂತು, ಬಿಸಿಲಿಗೆ ಒಣಗಿದ ಹಣ್ಣು ಬಂತು, ಮಳೆ ನಿಂತ ಮೇಲಿನ ಕಲ್ಲಿನ ತಂಪು ಬಂತು. ಎಲ್ಲದರ ಕೆಳಗೆ ಹುಳಿ ಇನ್ನೂ ಎಳೆಯ ಹುಡುಗಿಯಂತೆ ಕುಣಿಯುತ್ತಿತ್ತು. ಹೇಳಬೇಕಾದದ್ದೆಲ್ಲ ಅವನ ಬಾಯಲ್ಲಿತ್ತು, ಬಾಯಿ ತೆರೆಯುವಂತಿರಲಿಲ್ಲ. ನುಂಗಿದರೆ ಹೆಂಡತಿಯ ಕುರ್ಚಿ ಹೋಯಿತು. ಉಗುಳೋಣವೆಂದರೆ ಎಲ್ಲಿಯದೋ ಒಂದು ಗೋಡೆ, ಬೆನ್ನ ಮೇಲೊಂದು ಕೈ. ಬಿಸಿತುಪ್ಪ ಎನ್ನುತ್ತಾರಲ್ಲ, ಅವನ ಬಾಯಲ್ಲಿ ಅದು ತಣ್ಣಗೆ ಕೂತಿತ್ತು.

ಸದಸ್ಯರು ಕಾದರು. ಅವನ ಕೆನ್ನೆಗಳು ಊದಿದವು. ಕಣ್ಣಲ್ಲಿ ನೀರು ತುಂಬಿತು. ಒಬ್ಬರು ಆಕಳಿಸಿದರು.

"ಏನ್ರೀ ಮುಕ್ಕಳಿಸಣ್ಣ, ಬಾಡಿಗೆಗೆ ಇಟ್ಕೊಂಡಿದ್ದೀರಾ?" ಎಂದ ಅಳಿಯ.

ಹಿಂದಿನ ಬೆಂಚಿನಿಂದ ಅಮ್ಮ ಎದ್ದಳು. ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಬಂದು, ಮಗನ ಊದಿದ ಮುಖವನ್ನು ಒಂದು ಕ್ಷಣ ನೋಡಿದಳು. ಕಹಿ ಔಷಧಿಯ ದಿನದ ಮುಖವೇ ಅದು. ನಡುವೆ ಮೀಸೆಯೊಂದು ಬೆಳೆದಿತ್ತು, ಅಷ್ಟೆ. ಆಕೆ ಅವನ ಗಲ್ಲದ ಕೆಳಗೆ ಅಂಗೈ ಬೊಗಸೆ ಮಾಡಿ ಹಿಡಿದಳು.

"ಉಗುಳೋ. ನಾನಿದೀನಿ."

ಅವನು ಉಗುಳಿದ.

ಅಧ್ಯಕ್ಷರು ಕಟ್ಟಿಸಿಕೊಂಡ ಹಲ್ಲನ್ನು ನಾಲಿಗೆಯಿಂದ ಸರಿಮಾಡಿಕೊಂಡು, "ಇದು ನಡೆಯಲ್ಲ. ಪಾತ್ರೆಗೆ ಉಗುಳಬೇಕು. ಅಂಗೈ ಪಾತ್ರೆಯಲ್ಲ," ಎಂದರು.

"ಪಾತ್ರೆ ಅಂದ್ರೇನು?" ಎಂದ ಸದಸ್ಯರಲ್ಲೊಬ್ಬ, ಬೀಗ ರಿಪೇರಿ ಮಾಡುವವನು. "ಹಾಕಿದ್ದನ್ನ ಹಿಡಿದಿಟ್ಕೊಳ್ಳೋದು. ಸೋರ್ತಾ ಇದೆಯಾ?"

ಎಲ್ಲರೂ ಬಗ್ಗಿ ನೋಡಿದರು. ಒಂದು ಹನಿಯೂ ಸೋರಿರಲಿಲ್ಲ. ಬಕೆಟ್ಟಿಗೆ ಹಿಡಿಯಿದೆ, ಅಂಗೈಗೆ ಹಿಡಿಯಿಲ್ಲ ಎಂದರು ಒಬ್ಬರು. ತೋಳು ಮತ್ತೇನು ಎಂದರು ಇನ್ನೊಬ್ಬರು. ಚರ್ಚೆ ಬಿಸಿಯೇರುತ್ತಿದ್ದಾಗ ಅಮ್ಮ ಅಂಗೈಯನ್ನು ಬಾಯಿಗೆತ್ತಿ ಒಂದಿಷ್ಟು ಹೀರಿದಳು.

"ಅಜ್ಜಿ, ಅದನ್ನ ಕುಡೀಬಾರದು," ಎಂದರು ಅಧ್ಯಕ್ಷರು ಗಾಬರಿಯಾಗಿ.

"ಯಾಕಪ್ಪ? ನನ್ನ ಮಗನ ಎಂಜಲು ನನಗೆ ಹೊಸದಾ?" ಎಂದು ಆಕೆ ಮಗನತ್ತ ತಿರುಗಿದಳು. "ಇದನ್ಯಾಕೋ ಉಗುಳಿದೆ? ಚೆನ್ನಾಗಿದೆಯಲ್ಲೋ."

ಆಗ ಮುಕ್ಕಳಿಸಣ್ಣನಿಗೆ ಮಾತು ಬಂತು. "ಇದು ವಯಸ್ಸಾದವರ ಹಲ್ಲು ಸಾರ್. ಬಣ್ಣ ತಿರುಗಿದೆ, ಬೇರು ಗಟ್ಟಿಯಾಗಿದೆ. ಕೀಳೋಕೆ ಹೋಗಬೇಡಿ. ಇನ್ನೂ ಬಹಳ ವರ್ಷ ಅಗಿಯುತ್ತೆ."

ಕೈಯೆತ್ತಿಸಿ ಕೇಳಿದಾಗ ಅಧ್ಯಕ್ಷರ ಕೈಯೊಂದೇ ಕೆಳಗಿತ್ತು. ಕುರ್ಚಿ ಮನೆಯಲ್ಲೇ ಉಳಿಯಿತು, ಒಂದು ಷರತ್ತಿನ ಮೇಲೆ: ಪ್ರತಿ ಸಲವೂ ಸದಸ್ಯರು ತಮ್ಮ ಪಾತ್ರೆಯನ್ನು ಜೊತೆಗೆ ಕರೆತರತಕ್ಕದ್ದು. ಅಮ್ಮನಿಗಾಗಿ ಒಂದು ಸ್ಟೂಲು ಹಾಕಿಸಿದರು.

ಆ ದಿನ ಅಮ್ಮ ಕೈ ತೊಳೆಯಲಿಲ್ಲ. ಮುಷ್ಟಿ ಬಿಗಿದುಕೊಂಡೇ ಬೀದಿಗಳನ್ನು ದಾಟಿ ಮನೆಗೆ ಬಂದು, ಸೊಸೆಯ ಮೂಗಿನ ಕೆಳಗೆ ಬೆರಳು ಬಿಚ್ಚಿದಳು. "ತಗೊಳ್ಳೇ, ನೋಡು."

ಸೊಸೆ ಉಸಿರೆಳೆದಳು. "ಏನೂ ಇಲ್ಲ ಅತ್ತೆ," ಎಂದಳು. ಆದರೂ ಆ ಅಂಗೈಯನ್ನು ಕೂಡಲೇ ಬಿಡಲಿಲ್ಲ.

ಅಂದಿನಿಂದ ಅದೇ ರೂಢಿಯಾಯಿತು. ಮಗ ರುಚಿ ನೋಡುವುದು, ಅಮ್ಮನ ಬೊಗಸೆಗೆ ಉಗುಳುವುದು, ಅಮ್ಮ ಮುಷ್ಟಿಯಲ್ಲಿ ವಾಸನೆ ತರುವುದು, ಸೊಸೆ ಮೂಸಿ ಇಲ್ಲವೆಂದು ತಲೆಯಾಡಿಸುವುದು. ಸಂಘದಿಂದ ಬರುವ ದಾರಿಯಲ್ಲಿ ಯಾರಾದರೂ ಕೈಕುಲುಕಲು ಬಂದರೆ ಅಮ್ಮ ಎಡಗೈ ಕೊಡುತ್ತಿದ್ದಳು. ಎಷ್ಟೋ ಸಲ ಮೂಸಿಯೂ ಏನೂ ಸಿಗದೆ, ಕೊನೆಕೊನೆಗೆ ಸೊಸೆ ಏಳುವುದನ್ನೂ ಬಿಟ್ಟಳು. ಅಮ್ಮನೇ ಹೊಲಿಗೆ ಯಂತ್ರದ ಬಳಿ ಹೋಗಿ ಕೈ ಚಾಚಬೇಕಾಗುತ್ತಿತ್ತು.

ಒಂದು ಮಧ್ಯಾಹ್ನ ಇಬ್ಬರೂ ಸಂಘದಿಂದ ಬಂದರು. ಸೊಸೆ ಬೆನ್ನು ಹಾಕಿ ಹೊಲಿಯುತ್ತಿದ್ದಳು. ಮುಕ್ಕಳಿಸಣ್ಣ ಲೋಟವೆತ್ತಿ ಬಾಯಿ ತುಂಬ ನೀರು ತೆಗೆದುಕೊಂಡ. ಅಮ್ಮ ಸುಸ್ತಾಗಿ ಪರದೆಯ ರಾಶಿಯ ಪಕ್ಕ ಕೂತಳು.

"ಅತ್ತೆ, ಆ ಕೈಲಿ ಬಟ್ಟೆ ಮುಟ್ಟಬೇಡಿ," ಎಂದಳು ಸೊಸೆ, ತಲೆಯೆತ್ತದೆ. "ಗಿರಾಕಿಗೆ ಕೊಡೋದು. ಎಲ್ಲಿ ಮುಟ್ಟಿ ಬಂದ್ರಿ ಸೀಮೆಎಣ್ಣೆ? ಗಬ್ಬು ವಾಸನೆ."

"ನಾನ್ಯಾಕೆ ಸೀಮೆಎಣ್ಣೆ ಮುಟ್ಟಲಿ? ಇವನ ಹಳೇ..." ಎಂದು ಶುರುಮಾಡಿದ ಅಮ್ಮ ಅಲ್ಲಿಗೇ ನಿಲ್ಲಿಸಿದಳು.

ಹೊಲಿಗೆ ಯಂತ್ರ ನಿಂತಿತು.

ಮುಕ್ಕಳಿಸಣ್ಣ ಬಾಯಲ್ಲಿದ್ದ ನೀರನ್ನು ಅಷ್ಟೂ ಉಗುಳಿದ: ನೆಲದ ಮೇಲೆ, ಯಂತ್ರದ ಮೇಲೆ, ಗಿರಾಕಿಯ ಪರದೆಯ ಮೇಲೆ, ಕೊನೆಗೆ ಗೋಡೆಗೆ. ಹೆಂಡತಿ ಅದನ್ನು ನೋಡಲೇ ಇಲ್ಲ. ಅತ್ತೆಯ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದು ಮುಖಕ್ಕೆ ಒತ್ತಿಕೊಂಡು ಉಸಿರೆಳೆಯುತ್ತಿದ್ದಳು, ಬಿಡದೆ.

ಅಮ್ಮ ಇನ್ನೊಂದು ಕೈಯಿಂದ ಮಗನತ್ತ ಒರೆಸುವ ಬಟ್ಟೆ ಎಸೆದಳು.

"ನೋಡೇ ಇವನ್ನ. ಒಂದು ಸಲ ಉಗುಳು ಅಂದಿದ್ದಕ್ಕೆ ಅಭ್ಯಾಸವೇ ಮಾಡ್ಕೊಂಡುಬಿಟ್ಟ."