ತೆಂಗಿನ ಮರಗಳಿಗೂ ಆಧಾರ್ ಕಾರ್ಡ್

ತೆಂಗಿನ ಮರಗಳಿಗೂ ಆಧಾರ್ ಕಾರ್ಡ್ ಮಾಡಿಸಬೇಕೆಂದು ಯಾರೋ ಪುಣ್ಯಾತ್ಮ ತಮಾಷೆಗೆ ಫೇಸ್‌ಬುಕ್ಕಿನಲ್ಲಿ ಬರೆದಿದ್ದ. ಮರಕ್ಕೆ ಕಾರ್ಡು ನೇತುಹಾಕಿದ ಫೋಟೋ ಬೇರೆ. ಹುಲಿಯೂರುದುರ್ಗದಲ್ಲಿರುವ ನನ್ನಕ್ಕ ಅದನ್ನು ನೋಡಿದವಳೇ ತೋಟದ ಮರಗಳಿಗೆಲ್ಲ ಸುಣ್ಣದಲ್ಲಿ ನಂಬರ್ ಬರೆಸಿ, ಆಮೇಲೆ ನನಗೆ ಫೋನ್ ಮಾಡಿದಳು. ಇನ್ನೂ ಕಾಯಿ ಬಿಡದ ಸಸಿಗಳಿಗೂ ಮಾಡಿಸಬೇಕೋ ಬೇಡವೋ ಎಂಬುದಷ್ಟೇ ಅವಳ ಅನುಮಾನ.

ನಾನು ಗುಬ್ಬಿಯಲ್ಲಿ ಮೇಷ್ಟ್ರು. ಉಪ್ಪಾರಹಳ್ಳಿಯ ಮನೆಯಿಂದ ಹೊರಟು ಬಸ್ಸಿನಲ್ಲಿ ಸೀಟು ಹಿಡಿಯುವ ಹೊತ್ತಿಗೆ ಸರಿಯಾಗಿ ಅವಳ ಫೋನ್ ಬರುತ್ತಿತ್ತು. ಇಂಟರ್‌ನೆಟ್ಟಿನಲ್ಲಿ ಯಾರು ಏನು ಹಾಸ್ಯ ಮಾಡಿದರೂ ಅವಳಿಗೆ ಅದು ಸರ್ಕಾರದ ಆದೇಶ. ಮದುವೆ ಊಟದಲ್ಲಿ ಎರಡನೇ ಸಲ ಪಾಯಸ ಕೇಳಿದರೆ ದಂಡವಂತೆ, ಸೆಲ್ಫಿ ತೆಗೆದರೆ ಹಸು ಹಾಲು ಕೊಡುವುದಿಲ್ಲವಂತೆ. ಎಲ್ಲ ಸುಳ್ಳು ಎಂದು ನಾನು ಹೇಳಿದ ಮೇಲೇ ಅವಳಿಗೆ ಸಮಾಧಾನ. ಅಲ್ಲಿಗೆ ಮಾತು ಮುಗಿಯುತ್ತಿರಲಿಲ್ಲ. ಸೊಗಡಿನ ಅವರೆಕಾಯಿ, ಸೊಸೆಯ ಸೀಮಂತ, ಮೊಣಕಾಲಿನ ನೋವು, ನಮ್ಮವ್ವ ಮಾಡುತ್ತಿದ್ದ ಬಸ್ಸಾರು, ಹೀಗೆ ಗುಬ್ಬಿ ಬಂದರೂ ಫೋನ್ ಇಡುತ್ತಿರಲಿಲ್ಲ. ನನಗೋ ಕಿವಿ ಬಿಸಿಯಾಗಿ ರೇಗುತ್ತಿತ್ತು.

ಈಗ ಆ ಸೊಸೆಯೇ ಅವಳಿಗೆ ಎಲ್ಲ ಹೇಳಿಕೊಟ್ಟಿದ್ದಾಳೆ. ಯಾವುದು ನಿಜ, ಯಾವುದು ಬುರುಡೆ ಎಂದು ಅಕ್ಕನಿಗೆ ನೋಡುತ್ತಲೇ ಗೊತ್ತಾಗುತ್ತದೆ. ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ನಾವು ಹಾಕುವ ಸುದ್ದಿಗೂ ಅವಳೇ ‘ಸುಳ್ಳು’ ಎಂದು ಬರೆಯುತ್ತಾಳೆ. ಒಳ್ಳೆಯದೇ ಆಯಿತು ಅನ್ನಿ. ಆದರೆ ಬೆಳಗಿನ ಫೋನ್ ನಿಂತುಹೋಯಿತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಸುಮ್ಮನೆ ಫೋನ್ ನೋಡುತ್ತೇನೆ.

ಕಡೆಗೆ ನಾನೇ ಒಂದು ಬುರುಡೆ ಕಟ್ಟಿದೆ. ಗುಬ್ಬಿ ಹತ್ತಿರದ ಬಿದರೆಹಳ್ಳಿ ಕಾವಲ್‌ನ ಕಾರ್ಖಾನೆಯಲ್ಲಿ ತಯಾರಾಗುವ ಹೆಲಿಕಾಪ್ಟರುಗಳು ಇನ್ನು ಮೇಲೆ ಕಾಯಿ ಕೀಳುವುದಕ್ಕೂ ಬಾಡಿಗೆಗೆ ಸಿಗುತ್ತವೆ, ತೋಟದವರು ಗುಬ್ಬಿಯಲ್ಲಿರುವ ನಂಟರನ್ನು ವಿಚಾರಿಸಿ ಎಂದು ಬರೆದು ಅವಳಿಗೊಬ್ಬಳಿಗೇ ಕಳಿಸಿದೆ. ಇದಕ್ಕಾದರೂ ಫೋನ್ ಬಂದೀತೆಂದು ಕಾದೆ. ನಗುವ ಮುಖ ಒಂದು ಬಂತು, ಅಷ್ಟೇ.

ಮಾರನೆಯ ದಿನ ತಡೆಯಲಾಗದೆ ಬಸ್ಸಿನಿಂದ ನಾನೇ ಫೋನ್ ಮಾಡಿದೆ. ಅವಳು ತಕ್ಷಣ ಎತ್ತಿದಳು. ದನಿಯಲ್ಲಿ ಗಾಬರಿ ಇತ್ತು.

“ಏನ್ಲಾ, ಯಾರ್ಗೇನಾಯ್ತು?”

ಯಾರಿಗೂ ಏನೂ ಆಗಿಲ್ಲ, ನಿನ್ನ ಹತ್ತಿರ ಮಾತಾಡಬೇಕು ಅನ್ನಿಸಿತು ಎಂದೆ. ಅವಳು ನಂಬಲಿಲ್ಲ. ಇಷ್ಟು ವರ್ಷಗಳಲ್ಲಿ ನಾನಾಗಿ ಫೋನ್ ಮಾಡಿದ್ದು ನಂಟರಲ್ಲಿ ಯಾರಾದರೂ ತೀರಿಕೊಂಡಾಗ ಮಾತ್ರ. ಆ ಕಡೆಯಿಂದ ಕುರ್ಚಿ ಎಳೆದ ಸದ್ದು ಕೇಳಿಸಿತು.

“ಸುಮ್‌ಸುಮ್ನೆ ಫೋನ್ ಮಾಡೋನಲ್ಲ ನೀನು. ಕೂತ್ಕೊಂಡಿದೀನಿ ಕಣೋ, ಹೇಳ್ಬುಡು.”