ಖಾಲಿ ಸೈಟಿನಲ್ಲಿ ಮುನಿಯಮ್ಮನ ದೀಪ

ಸ್ನೇಹಿತರೇ, ಮುಳಬಾಗಿಲಿನ ನಮ್ಮ ಬೀದಿಯ ಖಾಲಿ ಸೈಟಿಗೆ ಇವತ್ತು ಬೆಳಿಗ್ಗೆ ಅದರ ಮಾಲೀಕರು ಪಾಯ ತೋಡಿಸಲು ಬಂದರು. ಸೈಟಿನ ನಡುವೆ ಒಂದು ದೀಪ ಉರಿಯುತ್ತಿತ್ತು.

ನಮ್ಮದು ಪೂರ್ತಿ ಬಾಡಿಗೆ ಮನೆಗಳ ಬೀದಿ. ಹೆಣವನ್ನು ಒಳಗೆ ತರಲು ಯಾವ ಮನೆಯ ಓನರೂ ಒಪ್ಪುವುದಿಲ್ಲ. ಹಾಗಾಗಿ ಯಾರು ಸತ್ತರೂ ಶಾಮಿಯಾನ ಹಾಕಿ ಮಲಗಿಸುವುದು ಆ ಸೈಟಿನಲ್ಲೇ, ಹನ್ನೊಂದನೇ ದಿನದ ತಿಥಿಯವರೆಗೆ ದೀಪ ಇಡುವುದೂ ಅಲ್ಲೇ. ಈಗಿನದು ಹೂವು ಮಾರುತ್ತಿದ್ದ ಮುನಿಯಮ್ಮನ ದೀಪ. ಇವತ್ತಿಗೆ ಐದನೇ ದಿನ.

“ಯಾರನ್ನ ಕೇಳಿ ಇಟ್ರಿ? ಇದು ನನ್ ಸೈಟು,” ಎಂದರು ಮಾಲೀಕರು.

ಮುನಿಯಮ್ಮನ ಮಗಳು ಎಣ್ಣೆ ಬಾಟಲಿ ಹಿಡಿದು ನಿಂತಿದ್ದಳು. “ಇನ್ನಾರು ದಿನ ಸಾರ್. ಮನೇಲಿ ಇಡಕ್ಕೆ ಬಿಡಲ್ಲ ಅಂತಾರೆ.”

ಮಾಲೀಕರು ಮೇಸ್ತ್ರಿಯ ಕಡೆ ತಿರುಗಿದರು. “ಅದನ್ನ ಪಕ್ಕಕ್ಕೆ ಸರಿಸಿ ಅಗೀರಿ.”

ತಾಯಲೂರಿನ ಆ ಮೇಸ್ತ್ರಿ ಗುದ್ದಲಿ ಕೆಳಗಿಟ್ಟ. “ವದ್ದು ಸಾರ್, ಬ್ಯಾಡ. ಸೈಟು ನಿಮ್ದೇ, ದೀಪ ಆಯಮ್ಮಂದು. ಅದು ಇರೋಗಂಟ ನಾನು ಗುದ್ದಲಿ ಹಾಕಲ್ಲ.”

ಗಾಳಿಗೆ ದೀಪ ವಾಲಿತು. ಮಾಲೀಕರು ತಾವು ಇಳಿಸಿದ್ದ ಇಟ್ಟಿಗೆಗಳಲ್ಲಿ ನಾಲ್ಕನ್ನು ತಾವೇ ಎತ್ತಿ ತಂದು ದೀಪಕ್ಕೆ ಅಡ್ಡ ಇಟ್ಟರು.

“ತಿಥಿ ಆದ ಮಾರನೇ ದಿನ ಬರ್ತೀನಿ,” ಎಂದು ಹೊರಟರು.

ಜಾಗ ಅವರದು, ಕಟ್ಟಲೇಬೇಕು. ಮೇಲಿನ ಎರಡು ಮನೆ ಬಾಡಿಗೆಗಂತೆ. ನಮ್ಮ ಬೀದಿಯಲ್ಲಿ ಸಾಯಬೇಕೆಂದಿರುವವರಿಗೆ ಇನ್ನು ಆರು ದಿನ ಕಾಲಾವಕಾಶವಿದೆ.