ಹುಣಸೆ ಹೂವಿನ ಅಂಚು ಯಾರ ಕೈಲಿದೆ?

ಮೊಳಕಾಲ್ಮುರಿನ ಹನುಮಂತರಾಜು ಬೀಗ ಹಾಕಿದರೆ ಮೂರು ಸಲ ಜಗ್ಗಿ ನೋಡುತ್ತಾನೆ. ಹತ್ತು ಹೆಜ್ಜೆ ನಡೆದವನು ಹಿಂದಿರುಗಿ ಬಂದು ನಾಲ್ಕನೇ ಸಲ ಜಗ್ಗುತ್ತಾನೆ. "ಬೀಗ ಗಟ್ಟಿ ಐತೆ, ಸಡ್ಲ ಆಗಿರೋದು ನಿನ್ನ ತಲೆ" ಎಂದು ಹೆಂಡತಿ ಹೊನ್ನಕ್ಕ ಅಣಕಿಸುತ್ತಾಳೆ. ಪಾಪ, ಅದೇನು ಹುಟ್ಟುಗುಣವಲ್ಲ. ಇಪ್ಪತ್ತಾರು ವರ್ಷ ರೇಷ್ಮೆ ಸೀರೆ ನೇಯ್ದವನು ಅವನು. ಒಮ್ಮೆ ನಿದ್ದೆಗೆಟ್ಟು ಬರೆದ ಅವನದೇ ಒಂದು ಅಂಚು, ಅವನ ಮಗ್ಗದಿಂದ ಮೊದಲ ಸೀರೆ ಇಳಿಯುವ ಮುಂಚೆಯೇ ರಾಂಪುರದ ಅಂಗಡಿಯಲ್ಲಿ ನೇತಾಡುತ್ತಿತ್ತು. ಕದ್ದವರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ಗೊತ್ತಾಗದ್ದರಿಂದಲೇ ಕಂಡವರೆಲ್ಲ ಅವನಿಗೆ ಕಳ್ಳರಂತೆ ಕಾಣತೊಡಗಿದರು.

ಮಂಡಿ ಸವೆದು ಮಗ್ಗದ ಗುಂಡಿಗೆ ಇಳಿಯಲಾಗದಂತಾದಾಗ ನೇಕಾರರ ಸಂಘದವರು ಅವನನ್ನು ಸೀರೆ ಅಂಚಿನ ನಕ್ಷೆಗಳ ಕೋಣೆ ಕಾಯಲು ಕೂರಿಸಿದರು. ಕಾಯುವ ಕೆಲಸಕ್ಕೆ ಅವನಿಗಿಂತ ತಕ್ಕವರು ಸಿಗುತ್ತಿರಲಿಲ್ಲ, ಬಿಡಿ. ಎರಡು ವರ್ಷದ ಹಿಂದೆ ನಕ್ಷೆಗಳೆಲ್ಲ ಕಂಪ್ಯೂಟರಿಗೆ ಹೋದವು. ಆ ಕೆಲಸ ಮಾಡಿದವಳು ಮೆಹಜಬೀನ್, ಚಳ್ಳಕೆರೆಯ ಮೆಕ್ಯಾನಿಕ್ ವಲಿಸಾಬನ ಮಗಳು. ಬಿಸಿಎ ಓದಿದ ಹುಡುಗಿ, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ನಕ್ಷೆ ತೆರೆಯುವ, ತಿದ್ದುವ, ಪ್ರಿಂಟ್ ಹಾಕುವ ಪ್ರೋಗ್ರಾಂ ಅವಳೇ ಬರೆದದ್ದು. ಇಬ್ಬರು ಒಟ್ಟಿಗೆ ತಿದ್ದಿ ಕೆಡಿಸಬಾರದೆಂದು ಅದರಲ್ಲಿ ಒಂದು ಕಟ್ಟಳೆ ಇಟ್ಟಿದ್ದಳು. ಒಂದು ನಕ್ಷೆಯನ್ನು ಒಂದು ಸಲಕ್ಕೆ ಒಬ್ಬರೇ ತೆರೆಯಬಹುದು.

ಈ ವರ್ಷ ಹುಣಸೆ ಹೂವಿನ ಹೊಸ ಅಂಚು ತಯಾರಾಯಿತು. ಪ್ರದರ್ಶನಕ್ಕೆ ಹೋಗುವ ತನಕ ಹೊರಗೆ ಯಾರೂ ನೋಡಕೂಡದು. ಹನುಮಂತರಾಜುವಿಗೆ ಅನ್ನ ಸೇರದಾಯಿತು. ಮಧ್ಯಾಹ್ನ ಮೆಹಜಬೀನ್ ನೂಲು ಸುತ್ತುವ ಪಾತಮ್ಮನ ಜೊತೆ ಊಟಕ್ಕೆ ಹೋದರೆ ಸಾಕು, ಆ ಹೊತ್ತಿನಲ್ಲಿ ಯಾರೂ ಪ್ರಿಂಟ್ ತೆಗೆಯದಿರಲಿ ಎಂದು ಪ್ರಿಂಟರಿನ ವೈರು ಕಿತ್ತು ಜೇಬಿಗೆ ಹಾಕುತ್ತಿದ್ದ. ಆಮೇಲೆ ಅವಳ ಕಂಪ್ಯೂಟರಿನಲ್ಲೇ ಆ ಅಂಚು ತೆರೆದು ಪ್ರಿಂಟ್ ಒತ್ತುತ್ತಿದ್ದ. ಕೆಂಪಕ್ಷರದಲ್ಲಿ ಏನೋ ಬಂದು ನಕ್ಷೆ ತಾನಾಗಿ ಮಾಯವಾಗುತ್ತಿತ್ತು. ಪ್ರಿಂಟ್ ಬರಲಿಲ್ಲವಲ್ಲ, ಬೀಗ ಜಗ್ಗಿ ನೋಡಿದಷ್ಟೇ ಸಮಾಧಾನ. ಅವಳು ಬರುವ ಹೊತ್ತಿಗೆ ವೈರು ಮತ್ತೆ ಸ್ವಸ್ಥಾನ ಸೇರುತ್ತಿತ್ತು.

ಒಂದು ಸೋಮವಾರ ಊಟದ ನಂತರ ತನ್ನ ಕಂಪ್ಯೂಟರಿನಲ್ಲಿ ಅದೇ ಅಂಚು ತೆರೆಯಲು ಹೋದ. "ಈ ನಕ್ಷೆ ಬೇರೊಬ್ಬರ ಕೈಲಿದೆ" ಎಂದು ಪರದೆ ಹೇಳಿತು. ಇರುವುದೇ ಎರಡು ಕಂಪ್ಯೂಟರು.

"ಹುಣಸೆ ಹೂವು ತೆಗೆದಿದ್ದೀಯೇನಮ್ಮ?"

"ಇಲ್ಲ ಸಾರ್, ನಾನು ಬಿಲ್ಲೆ ಅಂಚು ತಿದ್ದುತಾ ಇದೀನಿ."

ಹೋಗಿ ನೋಡಿದ. ಅವಳ ಪರದೆಯ ಮೇಲೆ ಹುಣಸೆ ಹೂವಿಲ್ಲ. ಇವನು ಬರುವಷ್ಟರಲ್ಲಿ ಮುಚ್ಚಿಟ್ಟಳು ಎಂದುಕೊಂಡ. ಮಂಗಳವಾರವೂ ಅದೇ, ಬುಧವಾರವೂ ಅದೇ. ಅವಳು ಫೋನ್ ಎತ್ತಿದರೆ ಫೋಟೊ ತೆಗೆದಳೇನೋ ಎನಿಸುತ್ತಿತ್ತು. ಅವಳ ಅಣ್ಣ ಅಫ್ಸರ್ ರಾಂಪುರದ ಕಡೆ ಗಾಡಿ ರಿಪೇರಿಗೆ ಹೋಗುತ್ತಾನೆ ಎಂಬುದು ನೆನಪಾಗಿ ಮೈ ಉರಿಯಿತು. ಬುಧವಾರ ಸಂಜೆ ಎಲ್ಲರೆದುರು ಬಾಗಿಲಿಗೆ ಅಡ್ಡ ನಿಂತು, "ಬ್ಯಾಗ್ ತೋರ್ಸಮ್ಮ" ಎಂದ.

ಮೆಹಜಬೀನಳ ಮುಖ ಕೆಂಪಾಯಿತು. ಬ್ಯಾಗು ತೆರೆದು ಹಿಡಿದಳು. ಟಿಫಿನ್ ಡಬ್ಬಿ, ಛತ್ರಿ, ಆಧಾರ್ ಕಾರ್ಡು, ಅಷ್ಟೆ. ಅವನಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಅನುಮಾನ ಇನ್ನೂ ಬಲಿಯಿತು. ಗುರುವಾರ ಅಧ್ಯಕ್ಷ ಓಬಳಪ್ಪನಿಗೆ ಅವಳ ಮೇಲೆ ದೂರು ಹೇಳಿ ಕೈಯಾರೆ ಪತ್ರ ಬರೆದು ಕೊಟ್ಟ.

"ಖಾತ್ರಿ ಏನ್ಲೇ ರಾಜು?" ಎಂದ ಓಬಳಪ್ಪ.

"ನನ್ನ ಕಣ್ಣಾರೆ ನೋಡೀನಿ. ಅವಳ ಕಂಪ್ಯೂಟರೇ ಹಿಡ್ಕಂಡೈತೆ."

"ಹಂಗಾದ್ರೆ ಶನಿವಾರದ ಮೀಟಿಂಗ್‌ನಾಗೆ ತೆಗೆದು ಹಾಕಾಣ."

ಸುದ್ದಿ ಮೆಹಜಬೀನಳ ಕಿವಿಗೆ ಬಿತ್ತು. ಶುಕ್ರವಾರ ಅವಳು ಅರ್ಧ ಊಟಕ್ಕೇ ಎದ್ದು ಬಂದು, ತನ್ನ ಕಂಪ್ಯೂಟರು ನೋಡಿ ಒಂದು ಹಾಳೆಯಲ್ಲಿ ಬರೆದುಕೊಂಡು ತಂದು ಅವನ ಮುಂದಿಟ್ಟಳು.

"ನಕ್ಷೆ ತೆಗೆದ ಹೊತ್ತು, ಮುಚ್ಚಿದ ಹೊತ್ತು ಬರೆದಿಡೋ ಹಂಗೆ ನಿನ್ನೆ ಬೆಳಿಗ್ಗೆ ಪ್ರೋಗ್ರಾಂನಾಗೆ ಸೇರಿಸಿದ್ದೆ ಸಾರ್. ನೋಡ್ರಿ. ನಿನ್ನೆ ಒಂದೂ ಇಪ್ಪತ್ತು, ಇವತ್ತು ಒಂದೂ ಹದಿನೆಂಟು. ನನ್ನ ಕಂಪ್ಯೂಟರಿನಾಗೆ ಹುಣಸೆ ಹೂವು ತೆಗೆದಿದ್ದೈತೆ, ಮುಚ್ಚಿದ್ದಿಲ್ಲ. ಆ ಹೊತ್ತಿನಾಗೆ ನಾನು ಪಾತಮ್ಮನ ಜೊತೆ ಉಣ್ತಾ ಇದ್ದೆ. ನನ್ನ ಸೀಟಿನಾಗೆ ಯಾರು ಕೂತಿದ್ರು?"

ಹನುಮಂತರಾಜು ಗಡಿಯಾರ ನೋಡಿದ. ಒಂದೂವರೆ. ಜೇಬಿನಲ್ಲಿ ವೈರು ಇನ್ನೂ ಹಾಗೇ ಇತ್ತು. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾಳೆ ಅವಳು ಹೋಗುತ್ತಿದ್ದಳು, ಇವನು ಉಳಿಯುತ್ತಿದ್ದ. ಮೆಲ್ಲಗೆ ವೈರು ತೆಗೆದು ಮೇಜಿನ ಮೇಲಿಟ್ಟು, ಮಾಡಿದ್ದನ್ನೆಲ್ಲ ಹೇಳಿದ.

"ಆದ್ರೆ ನಕ್ಷೆ ತಾನೇ ಹೋತಲ್ಲಮ್ಮ?"

"ಕಣ್ಣಿಗೆ ಹೋಯ್ತು, ಒಳಗೆ ಹಿಡ್ಕಂಡೇ ಐತೆ. ಸಂಜೆ ಕಂಪ್ಯೂಟರ್ ಆರ್ಸೋ ತನಕ ಬಿಡಲ್ಲ." ಅವಳು ಕುರ್ಚಿ ಎಳೆದುಕೊಂಡು ಕೂತಳು. "ಇದ್ರಾಗೆ ನಂದೂ ತಪ್ಪೈತೆ ಸಾರ್. ತೆಗಿ, ಪ್ರಿಂಟ್ ಹಾಕು, ಕೊನೀಗೆ ಬಿಡು ಅಂತ ಬರೆದಿದ್ದೆ. ಪ್ರಿಂಟಿನ ಹತ್ರ ಎಡವಿದ್ರೆ ಅಲ್ಲಿಂದ್ಲೇ ಆಚೆ ಬಂದ್ಬಿಡ್ತೈತೆ, 'ಬಿಡು' ಅನ್ನೋ ಸಾಲಿಗೆ ಹೋಗೋದೇ ಇಲ್ಲ. ಮಗ್ಗದಿಂದ ಎದ್ದಾಗ ನೀವೇನು ಮಾಡ್ತಿದ್ರಿ?"

"ಹಾಸಿನ ನೂಲು ಸಡ್ಲ ಬಿಡ್ತಿದ್ದೆ. ಬಿಗಿ ಇದ್ರೆ ಎಳೆ ಸೋಲ್ತಾವೆ."

"ಸೀರೆ ಮುಗಿದಾಗ ಮಾತ್ರಾನಾ?"

"ಎಲ್ಲಾರ ಉಂಟೇ? ಮಧ್ಯಕ್ಕೆ ಎದ್ರೂ ಅಷ್ಟೇ, ಯಾರು ಕೂಗಿದ್ರೂ ಅಷ್ಟೇ."

"ಅದನ್ನೇ ನಾನು ಬರೀಲಿಲ್ಲ."

ಅವನೆದುರೇ ಅವಳು ತಿದ್ದಿದಳು. ನಕ್ಷೆ ಹಿಡಿಯುವ 'ಆಬ್ಜೆಕ್ಟ್' ಎಂಬ ಪ್ರೋಗ್ರಾಂ ತುಣುಕಿಗೇ ಅದನ್ನು ಬಿಡುವ ಕೆಲಸವನ್ನೂ ಒಪ್ಪಿಸಿದಳು. ಕೆಲಸ ಪೂರಾ ಆಗಲಿ, ನಡುವೆ ಎಡವಲಿ, ಹೊರಗೆ ಕಾಲಿಡುವ ಮುನ್ನ ಕೈಬಿಟ್ಟೇ ಹೋಗುವಂತೆ ಕಟ್ಟಿದಳು. ವೈರು ಹಾಕದೆಯೇ ತನ್ನ ಕಂಪ್ಯೂಟರಿನಲ್ಲಿ ಅವನ ಕೈಯಿಂದಲೇ ಪ್ರಿಂಟ್ ಒತ್ತಿಸಿದಳು. ಕೆಂಪಕ್ಷರ ಬಂತು. ಹನುಮಂತರಾಜು ತನ್ನ ಕಂಪ್ಯೂಟರಿಗೆ ಹೋಗಿ ಒತ್ತಿದ. ಹುಣಸೆ ಹೂವಿನ ಅಂಚು ತೆರೆದುಕೊಂಡಿತು. ಅವನು ಅದನ್ನು ಮತ್ತೆ ಮೂರು ಸಲ ತೆರೆದು ನೋಡಿದ, ಅದು ಬೇರೆ ಮಾತು.

ಶನಿವಾರದ ಮೀಟಿಂಗಿನಲ್ಲಿ ಅವನು ಎಲ್ಲರೆದುರು ಎದ್ದು ನಿಂತು ತಪ್ಪೊಪ್ಪಿಕೊಂಡ. ಓಬಳಪ್ಪ ಪತ್ರ ಹರಿದು ಹಾಕಿದ. ಮಾತು ಅಲ್ಲಿಗೆ ಮುಗಿಯಿತೆಂದು ಎಲ್ಲರೂ ಚಹಾ ಕುಡಿದರು.

ಸೋಮವಾರ ಸಂಜೆ ಮೆಹಜಬೀನ್ ಹೊರಟಳು. ಬಾಗಿಲ ಬಳಿ ಅವನ ಮುಂದೆ ನಿಂತು ಬ್ಯಾಗು ತೆರೆದು ಹಿಡಿದಳು.

"ಬ್ಯಾಡಮ್ಮ, ಹೋಗಿ ಬಾ" ಎಂದ ಅವನು, ಮುಖ ಬೇರೆ ಕಡೆ ಮಾಡಿ.

"ಇರ್ಲಿ ನೋಡ್ರಿ ಸಾರ್. ನಾಳೆ ಇನ್ನೇನಾದ್ರೂ ಕಾಣ್ದಂಗಾದ್ರೆ?"

ಈಗ ಮೂರು ತಿಂಗಳಾಯಿತು. ಅವನು ಬೇಡವೆನ್ನುತ್ತಾನೆ, ಅವಳು ದಿನಾ ತೋರಿಸಿಯೇ ಬಸ್ಸಿಗೆ ಹೋಗುತ್ತಾಳೆ.